ಹಳದಿ ಬಟ್ಟೆ ಬಿದ್ದ ಆಟ

ಭಾನುವಾರ ಬೆಳಗ್ಗೆ ಏಳು ಗಂಟೆಯಾದರೆ ಸಾಕು, ನನ್ನ ಬಲಗೈ ಹೆಬ್ಬೆರಳು ಈಗಲೂ ಏನನ್ನೋ ಒತ್ತಲು ಹವಣಿಸುತ್ತದೆ. ಇಪ್ಪತ್ತಾರು ವರ್ಷ ಆ ಹೊತ್ತಿಗೆ ಅದರ ಕೆಳಗೆ ರಿಮೋಟಿನ ಗುಂಡಿ ಇರುತ್ತಿತ್ತು. ಒತ್ತಿದರೆ ಚಿತ್ರ ಹಿಂದಕ್ಕೆ, ಬಿಟ್ಟರೆ ಮುಂದಕ್ಕೆ. ನಿವೃತ್ತಳಾಗಿ ಎರಡು ವರ್ಷವಾಯಿತು. ನಮ್ಮ ಮನೆಯವರು ಕಾಫಿ ಲೋಟ ಮುಂದಿಟ್ಟು, "ಏನಮ್ಮಾ, ಈ ವಾರ ಯಾರ ಮೇಲೆ ಪಂದ್ಯ?" ಎಂದು ಕಿಚಾಯಿಸುತ್ತಾರೆ. ಯಾರ ಮೇಲೂ ಇಲ್ಲ. ಕಿಟಕಿಯಾಚೆ ಜಿನುಗು ಮಳೆ, ಈಚೆ ಖಾಲಿ ಭಾನುವಾರ.

ನನ್ನ ಕೆಲಸವನ್ನು ನಮ್ಮವರಿಗೆ ವಿವರಿಸುವುದು ಯಾವತ್ತೂ ಸುಲಭವಾಗಿರಲಿಲ್ಲ. ಸಿಯಾಟಲ್ ಸುತ್ತಮುತ್ತಲಿನ ಕನ್ನಡದವರು ಹೆಚ್ಚಿನವರೆಲ್ಲ ಸಾಫ್ಟ್‌ವೇರಿನವರು. ನಾನು ಒಂದು ಕಾಲೇಜಿನ ಫುಟ್‌ಬಾಲ್ ತಂಡಕ್ಕಾಗಿ ಮುಂದಿನ ಎದುರಾಳಿಯನ್ನು ಅಳೆದು ಹೇಳುವವಳು. ಯುಗಾದಿ ಊಟದಲ್ಲಿ ಹೀಗೆಂದರೆ, "ಅಂದ್ರೆ ಕೋಚಾ ನೀವು?" ಎಂದು ಸೀರೆಯುಟ್ಟ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡುತ್ತಿದ್ದರು. ನಾನೂ ಬೇಸತ್ತು, "ವಿಡಿಯೋ ಡಿಪಾರ್ಟ್‌ಮೆಂಟು" ಎಂದು ಹೇಳಿ ಹೋಳಿಗೆಯ ಕಡೆ ಮಾತು ತಿರುಗಿಸುತ್ತಿದ್ದೆ.

ಈಗ ಇದನ್ನೆಲ್ಲ ಬರೆಯಲು ಕಾರಣ ಅನಘಾ. ಬೆಂಗಳೂರಿನ ಹುಡುಗಿ, ಇಲ್ಲಿ ಡೇಟಾ ಓದಿದವಳು, ಈ ವರ್ಷ ನಾನು ಬಿಟ್ಟುಬಂದ ಕೋಣೆಗೇ ಕೆಲಸಕ್ಕೆ ಸೇರಿದ್ದಾಳೆ. ಸೌತ್ ಲೇಕ್ ಯೂನಿಯನ್ನಿನ ಅಪಾರ್ಟ್‌ಮೆಂಟಿನಿಂದ ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದು, "ಆಂಟಿ, ಆಫರ್ ಲೆಟರ್‌ನಲ್ಲಿ ಎಲ್ಲಾ ಬರ್ದಿದಾರೆ, ಕೆಲಸ ಏನು ಅಂತ ಮಾತ್ರ ಅರ್ಥ ಆಗ್ತಿಲ್ಲ" ಎಂದಳು. ಅವಳಿಗೆ ಬಾಯಲ್ಲಿ ಹೇಳಿದ್ದು ಅರ್ಧ. ಉಳಿದರ್ಧ ಇಲ್ಲಿದೆ. ಇದರಲ್ಲಿ ಬರುವ ಅಮೆರಿಕದವರು ಆಡಿದ್ದು ಇಂಗ್ಲಿಷು. ನನ್ನ ಕಿವಿಯಲ್ಲಿ ಅದು ಕನ್ನಡವಾಗಿಯೇ ಉಳಿದಿದೆ, ಹಾಗೇ ಬರೆದಿದ್ದೇನೆ.

ಮೊದಲು ಆಟದ ವಿಷಯ. ಇದು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ಟು ಹಾಕಿಕೊಂಡು, ಚೆಂಡನ್ನು ಅವುಚಿಕೊಂಡು ಓಡುವ ಅಥವಾ ಮುಂದಿರುವ ಜೊತೆಗಾರನಿಗೆ ಎಸೆಯುವ ಅಮೆರಿಕದವರ ಫುಟ್‌ಬಾಲ್. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಒಂದೊಂದು ಅವಕಾಶವೂ ಐದಾರು ಸೆಕೆಂಡಿನ ಒಂದು ಆಟ, ಇಂಥ ನೂರಾರು ಆಟ ಸೇರಿ ಒಂದು ಪಂದ್ಯ. ಪಂದ್ಯ ಶನಿವಾರ. ಮರುದಿನ ಬೆಳಗ್ಗೆಯೇ ಮುಂದಿನ ವಾರದ ಎದುರಾಳಿಯ ಹಳೆಯ ಪಂದ್ಯಗಳನ್ನು ಹಾಕಿಕೊಂಡು ಕೂರಬೇಕು. ಒಂದೊಂದೇ ಆಟವಾಗಿ ಕತ್ತರಿಸಿ, ಯಾರು ಎಲ್ಲಿ ನಿಂತಿದ್ದರು, ಎಷ್ಟು ಗಜ ಬಾಕಿ ಇತ್ತು, ಓಡಿದರೋ ಎಸೆದರೋ ಎಂದು ಬರೆದು, ಮಂಗಳವಾರದೊಳಗೆ "ಇವರು ಹೀಗೆ ನಿಂತರೆ ಹೀಗೆ ಮಾಡುತ್ತಾರೆ" ಎಂದು ಹಾಳೆ ಕೊಡಬೇಕು. ಜೊತೆಗೆ ಎದುರಾಳಿಯ ಆಟಗಳನ್ನು ದೊಡ್ಡ ರಟ್ಟಿನ ಕಾರ್ಡುಗಳ ಮೇಲೆ ಬರೆಯಬೇಕು. ನಮ್ಮ ಎರಡನೇ ತಂಡದ ಹುಡುಗರು ಆ ಕಾರ್ಡು ನೋಡಿಕೊಂಡು ಎದುರಾಳಿಯ ವೇಷ ಹಾಕುತ್ತಾರೆ, ಮೊದಲ ತಂಡ ಅವರ ಮೇಲೆ ಅಭ್ಯಾಸ ಮಾಡುತ್ತದೆ. ಹಾಳೆಯಲ್ಲಿ ಇಲ್ಲದ್ದು ಕಾರ್ಡಿನಲ್ಲಿ ಇಲ್ಲ, ಕಾರ್ಡಿನಲ್ಲಿ ಇಲ್ಲದ್ದು ಅಭ್ಯಾಸದಲ್ಲಿ ಇಲ್ಲ.

ನಾನು ಇಲ್ಲಿಗೆ ಬಂದದ್ದು ಅಪ್ಪನ ಪೆನ್ಸಿಲ್ಲಿನಿಂದ. ಅಪ್ಪ ಮೈಸೂರಿನಲ್ಲಿ ಬ್ಯಾಂಕಿನ ಗುಮಾಸ್ತರು, ಭಾನುವಾರಗಳಲ್ಲಿ ಲೀಗ್ ಕ್ರಿಕೆಟ್ಟಿಗೆ ಸ್ಕೋರರು. ಶಾಮಿಯಾನದ ಕೆಳಗೆ ಅವರ ಪಕ್ಕ ಕೂತು ನಾನು ಎರಡನೇ ಪುಸ್ತಕ ಬರೆಯುತ್ತಿದ್ದೆ. ಅವರ ನಿಯಮಗಳು ಬಿಗಿ. ಕಂಡದ್ದನ್ನು ಬರಿ, ಕೇಳಿದ್ದನ್ನು ಬರೀಬೇಡ. ಓವರಿನ ಮಧ್ಯೆ ನೀರು ಕುಡೀಬೇಡ. "ಅಂಪೈರು ಡೆಡ್ ಬಾಲ್ ಅಂದ್ರೆ ಪೆನ್ಸಿಲ್ ಎತ್ಲೇಬೇಡ ಮಗಳೇ. ಆ ಬಾಲು ನಡೀಲೇ ಇಲ್ಲ ಅಂತ ತಿಳ್ಕೊ." ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ.

ಮದುವೆಯಾಗಿ ಇಲ್ಲಿಗೆ ಬಂದೆ. ಮನೆಯವರಿಗೆ ಸಿಯಾಟಲ್ ಪಕ್ಕದ ಫ್ಯಾಕ್ಟೋರಿಯಾ ಎಂಬಲ್ಲಿ ಕೆಲಸ. ಮಗಳು ಶಾಲೆಗೆ ಸೇರಿದ ಮೇಲೆ ನನಗೆ ಮನೆ ಕಚ್ಚತೊಡಗಿತು. ಕಾಲೇಜಿನಲ್ಲಿ ಟೇಪು ನಕಲು ಮಾಡುವವರು ಬೇಕೆಂಬ ಚೀಟಿ ನೋಡಿ ಹೋದೆ. ಕೋಚ್ ಡೇಲ್ ಎಂಬ ಆನೆಗಾತ್ರದ ಮನುಷ್ಯ ಕೂತಿದ್ದರು. ರಕ್ಷಣೆಯ ವಿಭಾಗ ಪೂರ್ತಿ ಅವರದು.

"ಫುಟ್‌ಬಾಲ್ ಗೊತ್ತಾ?"

"ಇಲ್ಲ. ಕಣ್ಣೆದುರು ನಡೆದಿದ್ದನ್ನ ತಪ್ಪಿಲ್ದೆ ಬರೆಯೋದು ಗೊತ್ತು."

"ಗೊತ್ತಿರೋರು ನನ್ ಹತ್ರ ಹತ್ತು ಜನ ಇದಾರೆ, ವಾಸು. ಬರೆಯೋರು ಒಬ್ರೂ ಇಲ್ಲ. ಸೋಮವಾರ ಬಾ" ಎಂದರು. ವಸುಮತಿ ಅಂದಿನಿಂದ ಅಲ್ಲಿ ವಾಸು ಆದಳು.

ಅದು ಟೇಪಿನ ಕಾಲ. ಎದುರಾಳಿಯ ಪಂದ್ಯಗಳು ವಿಮಾನದಲ್ಲಿ ಪೆಟ್ಟಿಗೆಯಾಗಿ ಬರುತ್ತಿದ್ದವು. ಮನೆಯವರು ಕಾರು ನಿಲ್ಲಿಸಿಕೊಂಡಿದ್ದರೆ ನಾನು ಕಾರ್ಗೋ ಕಿಟಕಿಗೆ ಓಡಿ ತರುತ್ತಿದ್ದೆ. ಕೋಣೆಗೆ ಕಿಟಕಿ ಇರಲಿಲ್ಲ. ನಾಲ್ಕು ಯಂತ್ರ ಒಟ್ಟಿಗೆ ಸುತ್ತುವಾಗ ಬಿಸಿ ಪ್ಲಾಸ್ಟಿಕ್ಕಿನ ವಾಸನೆ, ಡೇಲ್ ಅವರ ಕಾಫಿಯ ವಾಸನೆ. ಈಗ ಯಾರಾದರೂ ಆ ವಾಸನೆಯನ್ನು ಸೀಸೆಯಲ್ಲಿ ತುಂಬಿಕೊಟ್ಟರೆ ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತೇನೆ.

ಮೊದಲ ವರ್ಷದ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಒಂದು ತಂಡ ಎಡಕ್ಕೇ ಓಡುತ್ತದೆ ಎಂದು ಕೆಂಪು ಗೆರೆ ಎಳೆದು ಕೊಟ್ಟೆ. ಡೇಲ್ ಚಿತ್ರ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೆದ್ದು ಮುಗಿದ ಪಂದ್ಯದ ಕೊನೆಯಲ್ಲಿ ಆ ತಂಡ ತನ್ನ ಮೂರನೇ ಸಾಲಿನ ಹುಡುಗರನ್ನು ಇಳಿಸಿತ್ತು, ನಾನು ಅಳೆದದ್ದು ಅವರನ್ನು. ಕ್ರಿಕೆಟ್ಟಿನಲ್ಲಿ ಹನ್ನೊಂದು ಜನ ಎಂದರೆ ಹನ್ನೊಂದೇ. ಇಲ್ಲಿ ಸೈನ್ಯವನ್ನೇ ಪಕ್ಕಕ್ಕೆ ನಿಲ್ಲಿಸಿಕೊಂಡಿರುತ್ತಾರೆಂದು ನನಗೇನು ಗೊತ್ತು? "ಮದುವೆ ಹೆಣ್ಣನ್ನ ನೋಡು ಅಂದ್ರೆ ಅಡುಗೆಯವರನ್ನ ನೋಡ್ಕೊಂಡು ಬಂದಿದೀಯ" ಎಂದರು ಮನೆಯವರು. ಆಮೇಲೆ ಪ್ರತಿ ಆಟದಲ್ಲೂ ಬೆನ್ನಿನ ನಂಬರು ನೋಡದೆ ನಾನು ಗುಂಡಿ ಬಿಟ್ಟವಳಲ್ಲ.

ನನಗೆ ಹೆಸರು ತಂದದ್ದು ಒಂದು ಕೈಯ ಬೆರಳುಗಳು. ಒಂದು ತಂಡದ ಮುಂದಿನ ಸಾಲಿನಲ್ಲಿ ಭಾರೀ ಆಳೊಬ್ಬನಿದ್ದ. ಚೆಂಡು ಬಿಡುವ ಮೊದಲು ಒಂದು ಕೈ ನೆಲಕ್ಕೂರಿ ಕೂರುತ್ತಿದ್ದ. ಕೆಲವು ಸಲ ಬೆರಳು ಹುಲ್ಲಿನೊಳಗೆ ಹೂತುಹೋಗುತ್ತಿದ್ದವು, ಕೆಲವು ಸಲ ಸುಮ್ಮನೆ ತಾಗಿರುತ್ತಿದ್ದವು. ರೊಟ್ಟಿ ತಟ್ಟಿದವರಿಗೆ ಕೈಯ ಭಾರ ಗೊತ್ತಾಗುತ್ತದೆ. ಬೆರಳು ಹೂತರೆ ಅವರು ಓಡುತ್ತಾರೆ, ತಾಗಿದ್ದರೆ ಎಸೆಯುತ್ತಾರೆ. ಹೇಳಿದಾಗ ಕೋಚುಗಳು ಕಣ್ಣು ಕಿರಿದು ಮಾಡಿ ಪರದೆ ನೋಡಿದರು, ಯಾರಿಗೂ ಕಾಣಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಹೌದು, ಆಂಟಿ ಹೇಳೋದು ಸರಿ. ಬೆರಳ ತುದಿ ಬಿಳಿ ಆಗುತ್ತೆ" ಎಂದ. ಆ ಶನಿವಾರ ನಾವು ಗೆದ್ದೆವು.

ಅವನೇ ಸಿಯೋನೆ. ಅವನ ಹಿರಿಯರು ಪೆಸಿಫಿಕ್ ಸಾಗರದ ಟೋಂಗಾ ದ್ವೀಪದವರು, ಅವನು ಹುಟ್ಟಿ ಬೆಳೆದದ್ದು ಸಿಯಾಟಲ್‌ಗೆ ಉತ್ತರದ ಊರು ಎವರೆಟ್ಟಿನಲ್ಲಿ. ಅವರಲ್ಲೂ ತಾಯಿಯ ವಯಸ್ಸಿನವರನ್ನೆಲ್ಲ ಆಂಟಿ ಎನ್ನುತ್ತಾರಂತೆ, ಅದಕ್ಕೇ ಆ ಕಟ್ಟಡದಲ್ಲಿ ನಾನು ಅವನೊಬ್ಬನಿಗೇ ಆಂಟಿ. ಅವನ ಜಾಗ ರಕ್ಷಣೆಯ ತೀರಾ ಹಿಂದೆ. ಎಲ್ಲರನ್ನೂ ದಾಟಿ ಬಂದವನನ್ನು ತಡೆಯುವ ಕೊನೆಯ ಕಾವಲುಗಾರ. ಗುರುವಾರ ಅಭ್ಯಾಸ ಮುಗಿಸಿ ನನ್ನ ಕೋಣೆಗೆ ಬಂದು, ನನ್ನ ಸ್ಟೀಲಿನ ಡಬ್ಬಿಯಿಂದ ಕೋಡುಬಳೆ ತಿನ್ನುತ್ತಾ, "ಇನ್ನೊಂದ್ಸಲ ಹಾಕಿ ಆಂಟಿ, ಇನ್ನೊಂದೇ ಸಲ" ಎನ್ನುತ್ತಿದ್ದ. ನನ್ನ ಮಗಳಿಗೆ ನನ್ನ ಕೆಲಸದ ಬಗ್ಗೆ ಇರದಿದ್ದ ಕುತೂಹಲ ಅವನಿಗಿತ್ತು. ಗುರುವಾರ ಬಂದರೆ ನಾನು ಬೆಳಗ್ಗೆಯೇ ಎಣ್ಣೆ ಕಾಯಿಸುತ್ತಿದ್ದೆ.

ಈಗ ಹೇಳಲೇಬೇಕಾದ್ದಕ್ಕೆ ಬರುತ್ತೇನೆ.

ಆಟದಲ್ಲಿ ಯಾರಾದರೂ ತಪ್ಪು ಮಾಡಿದರೆ ಅಂಪೈರು ಸೊಂಟದಿಂದ ಹಳದಿ ಬಟ್ಟೆ ತೆಗೆದು ನೆಲಕ್ಕೆಸೆಯುತ್ತಾನೆ. ಕೆಲವು ತಪ್ಪುಗಳಿಗೆ ಆ ಆಟವೇ ರದ್ದು. ಗಜಗಳು ಲೆಕ್ಕಕ್ಕಿಲ್ಲ, ಅದೇ ಅವಕಾಶವನ್ನು ಮತ್ತೆ ಆಡಬೇಕು. ಇಂಥವನ್ನು ನಾನು ಕತ್ತರಿಸಿ ಹೊರಗಿಡುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ಶಾಮಿಯಾನದ ಕೆಳಗೆ ಕಲಿತದ್ದು. ಡೆಡ್ ಬಾಲ್, ನಡೆದೇ ಇಲ್ಲ.

ಸಿಯೋನೆಯ ಕೊನೆಯ ವರ್ಷ. ಮುಂದಿನ ಎದುರಾಳಿ ಬೆಟ್ಟದಾಚೆಯ ಒಂದು ಕಾಲೇಜು. ಅವರಲ್ಲಿ ಎಂಬತ್ತನಾಲ್ಕು ನಂಬರಿನ ಎತ್ತರದ ಹುಡುಗ. ಸಾಮಾನ್ಯವಾಗಿ ದೂರದಲ್ಲಿ ನಿಂತು ಎಸೆದ ಚೆಂಡು ಹಿಡಿಯುವವನು. ಒಮ್ಮೊಮ್ಮೆ ಮಾತ್ರ ಒಳಗೆ ಬಂದು ಭಾರೀ ಆಳುಗಳ ಪಕ್ಕ ಕೂರುತ್ತಿದ್ದ. ಹಾಗೆ ಕೂತದ್ದು ಹದಿನಾಲ್ಕು ಸಲ, ಹದಿನಾಲ್ಕು ಸಲವೂ ಅವರು ಓಡಿದ್ದರು. ನಾನು ಹಾಳೆಯಲ್ಲಿ ಬರೆದೆ: "ಎಂಬತ್ತನಾಲ್ಕು ಒಳಗಿದ್ದರೆ ಯಾವಾಗಲೂ ಓಟ." ಯಾವಾಗಲೂ ಎಂಬುದರ ಕೆಳಗೆ ಎರಡು ಗೆರೆ ಎಳೆದೆ. ಆ ಗೆರೆ ಎಳೆದ ಕೈಗೆ ಎಷ್ಟು ಜಂಬವಿತ್ತೆಂದು ನನಗಿನ್ನೂ ನೆನಪಿದೆ.

ಶನಿವಾರ, ಪಂದ್ಯದ ಕೊನೆಯ ಭಾಗ, ನಾವು ಮುಂದಿದ್ದೆವು. ಎಂಬತ್ತನಾಲ್ಕು ಒಳಗೆ ಬಂದು ಕೂತ. ಸಿಯೋನೆ ಓಟವನ್ನು ತಡೆಯಲು ಮುಂದಕ್ಕೆ ನುಗ್ಗಿದ. ಎಂಬತ್ತನಾಲ್ಕು ಒಂದು ಕ್ಷಣ ಎದುರಿನವನನ್ನು ತಳ್ಳುವಂತೆ ಮಾಡಿ, ಎದ್ದು, ಸಿಯೋನೆ ಬಿಟ್ಟುಬಂದ ಜಾಗದ ಕಡೆಗೆ ಓಡಿದ. ಚೆಂಡು ಅವನ ಕೈಗೆ ಬಂದಾಗ ಇಪ್ಪತ್ತು ಗಜದೊಳಗೆ ನಮ್ಮವರು ಯಾರೂ ಇರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸೋತೆವು.

ಭಾನುವಾರ ಎಲ್ಲರೂ ಕೂತು ಆ ಆಟವನ್ನು ನೋಡಿದರು. ಡೇಲ್ ನಾಲ್ಕು ಸಲ ಹಾಕಿಸಿದರು. ಗುಂಡಿ ಒತ್ತಿದವಳು ನಾನು.

"ಕೊನೆಯವನು ಎಲ್ಲಿರ್ಬೇಕು, ಸಿಯೋನೆ?"

"ಕೊನೇಲಿ, ಕೋಚ್."

"ನೀನೆಲ್ಲಿದ್ದೆ?"

ಸಿಯೋನೆ ತಲೆ ತಗ್ಗಿಸಿದ. ಒಮ್ಮೆ ನನ್ನ ಕಡೆ ನೋಡಿದ, ಅಷ್ಟೆ. ಅವನ ಜಾಗಕ್ಕೆ ಎರಡನೇ ವರ್ಷದವನನ್ನು ಹಾಕುವುದಾಗಿ ಡೇಲ್ ಅಲ್ಲೇ ಹೇಳಿದರು.

ಸೋಮವಾರ ಬೆಳಗ್ಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಟ್ಟದಾಚೆಯವರ ಹಳೆಯ ಪಂದ್ಯಗಳನ್ನು ಕತ್ತರಿಸದೆ ಮೊದಲಿನಿಂದ ನೋಡಿದೆ. ಎರಡು ವಾರದ ಹಿಂದಿನ ಪಂದ್ಯದಲ್ಲಿ ಸಿಕ್ಕಿತು. ಎಂಬತ್ತನಾಲ್ಕು ಒಳಗೆ ಕೂತು, ತಳ್ಳುವಂತೆ ಮಾಡಿ, ಎದ್ದು ಓಡಿ, ಒಬ್ಬನೇ ಚೆಂಡು ಹಿಡಿದಿದ್ದ. ಅದೇ ಆಟ, ಅದೇ ಹೆಜ್ಜೆ. ಹಿಂದೆ ಹುಲ್ಲಿನ ಮೇಲೆ ಹಳದಿ ಬಟ್ಟೆ ಬಿದ್ದಿತ್ತು. ಜೊತೆಗಾರನೊಬ್ಬ ಯಾರನ್ನೋ ಹಿಡಿದೆಳೆದದ್ದಕ್ಕೆ ಆಟ ರದ್ದಾಗಿತ್ತು. ಹದಿನೈದನೆಯದನ್ನು ನಾನೇ ಕತ್ತರಿಸಿ ಎಸೆದಿದ್ದೆ.

ಡೇಲ್ ಅವರಿಗೆ ತೋರಿಸಿದೆ. ಅವರು ಬಾಗಿಲು ಹಾಕಿ ಬಂದು ಕೂತರು.

"ಇದನ್ನ ಇಲ್ಲಿಗೇ ಬಿಡು ವಾಸು. ಹಾಳೆ ತಪ್ಪು ಅಂತ ಗೊತ್ತಾದ್ರೆ ಮುಂದಿನ ಶನಿವಾರ ಹುಡುಗರು ಅರೆಮನಸ್ಸಲ್ಲಿ ಓಡ್ತಾರೆ. ಅರೆಮನಸ್ಸಲ್ಲಿ ಓಡೋರ ಮೂಳೆ ಮುರಿಯುತ್ತೆ."

"ಸಿಯೋನೆ?"

"ಕೊನೆಯವನು ಕೊನೇಲೇ ಇರ್ಬೇಕು. ಅದನ್ನ ಹಾಳೆ ಹೇಳ್ಬೇಕಾಗಿಲ್ಲ."

ಡೇಲ್ ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ನಿಜವೂ ಇತ್ತು. ಆದರೆ ಆ ಮಾತು ಕೇಳಿ ನನಗೆ ಒಳಗೊಳಗೇ ನೆಮ್ಮದಿಯಾದದ್ದು ಹಾಳೆಯ ಮರ್ಯಾದೆ ಉಳಿಯಿತೆಂದಲ್ಲ, ನನ್ನದು ಉಳಿಯಿತೆಂದು. ಮೇಲಿನವರು ಸುಮ್ಮನಿರು ಎಂದಾಗ ಸುಮ್ಮನಿರುವುದು ಎಷ್ಟು ಹಿತವಾಗಿರುತ್ತದೆಂದು ಆವತ್ತು ತಿಳಿಯಿತು.

ಆ ಗುರುವಾರ ಸಿಯೋನೆ ಬಂದ. ಹಿಂದಿನ ವಾರ ಒಯ್ದಿದ್ದ ಡಬ್ಬಿಯನ್ನು ತೊಳೆದು ಒರೆಸಿ ತಂದಿದ್ದ. ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದ. ನಾನು ಪರದೆಯಿಂದ ಕಣ್ಣು ತೆಗೆಯದೆ, "ಅಲ್ಲಿಡಪ್ಪ, ಈ ವಾರ ತುಂಬಾ ಕೆಲಸ" ಎಂದೆ. ಇಟ್ಟು ಹೋದ. ಆಮೇಲೆ ಅವನು ಬರಲಿಲ್ಲ. ಉಳಿದ ಪಂದ್ಯಗಳಲ್ಲಿ ಪಕ್ಕದ ಗೆರೆಯಾಚೆ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನಿಂತಿರುತ್ತಿದ್ದ. ವರ್ಷ ಮುಗಿದ ಮೇಲೆ ಎವರೆಟ್ಟಿನ ವಿಮಾನ ಕಾರ್ಖಾನೆಗೆ ಕೆಲಸಕ್ಕೆ ಸೇರಿದನೆಂದು ಯಾರೋ ಹೇಳಿದರು.

ಮುಂದಿನ ವಾರದಿಂದಲೇ ನಾನು ಬಟ್ಟೆ ಬಿದ್ದ ಆಟಗಳಿಗೆ ಬೇರೆ ಪುಟ ಮಾಡಿದೆ. ಕೋಚುಗಳು ಹೊಗಳಿದರು. ಹೊಗಳಿದಾಗಲೆಲ್ಲ ಖಾಲಿ ಡಬ್ಬಿ ಕಣ್ಣಿಗೆ ಬರುತ್ತಿತ್ತು. ಟೇಪು ಹೋಗಿ ಡಿಸ್ಕು ಬಂತು, ಡಿಸ್ಕು ಹೋಗಿ ಎಲ್ಲವೂ ಕಂಪ್ಯೂಟರಿಗೆ ಬಂತು. ಈಗ ಹುಡುಗರು ಭುಜದ ಕವಚದಲ್ಲಿ ಕಡಲೆಕಾಳಿನಷ್ಟು ಯಂತ್ರ ಇಟ್ಟುಕೊಂಡು ಓಡುತ್ತಾರೆ, ಯಾರು ಎಲ್ಲಿ ನಿಂತರೆಂದು ಅದೇ ಬರೆಯುತ್ತದೆ. ಡೇಲ್ ತೀರಿಕೊಂಡರು. ಕೋಣೆಗೆ ಕಿಟಕಿಯೂ ಬಂತು.

ಈ ಸೆಪ್ಟೆಂಬರಿನಲ್ಲಿ ಅನಘಾ ನನ್ನನ್ನು ಆ ಕೋಣೆಗೆ ಕರೆದುಕೊಂಡು ಹೋದಳು. ನಾನು ಪಂದ್ಯಕ್ಕೆ ಹೋಗುವವಳಂತೆ ಮೂರು ದಿನ ಮೊದಲೇ ತಯಾರಾದೆ. ಅವಳು ಪರದೆ ತೋರಿಸಿ, "ನೋಡಿ ಆಂಟಿ, ನಾಲ್ಕು ಗೇಮ್ಸು ನಲವತ್ತು ಸೆಕೆಂಡಲ್ಲಿ" ಎಂದಳು.

"ಬಟ್ಟೆ ಬಿದ್ದಿದ್ದು?"

"ಅದನ್ನ ಫಿಲ್ಟರ್ ಮಾಡ್ತೀನಿ ಆಂಟಿ. ಕೌಂಟ್ ಆಗಲ್ವಲ್ಲ, ಸುಮ್ನೆ ನಾಯ್ಸ್."

ಕುರ್ಚಿ ಎಳೆದುಕೊಂಡು ಕೂತು ಅವಳಿಗೆ ಸಿಯೋನೆಯ ಕಥೆ ಪೂರ್ತಿ ಹೇಳಿದೆ. ಅವಳು ಫಿಲ್ಟರು ತೆಗೆದಳು. ಆಮೇಲೆ ಕೇಳಿದಳು, "ಅವರಿಗೆ ಹೇಳಿದ್ರಾ?"

"ಇಲ್ಲ."

"ಇಷ್ಟು ವರ್ಷ?"

ಈ ಕಾಲದ ಮಕ್ಕಳು ಪ್ರಶ್ನೆ ಕೇಳಿ ಸುಮ್ಮನೆ ಮುಖ ನೋಡುತ್ತಾ ಕೂರುತ್ತಾರೆ. ಅವಳೇ ಅರ್ಧ ಗಂಟೆಯಲ್ಲಿ ಅವನ ನಂಬರು ಹುಡುಕಿಕೊಟ್ಟಳು.

ಆ ಭಾನುವಾರ ನನ್ನ ಹೆಬ್ಬೆರಳಿಗೆ ಕೆಲಸ ಸಿಕ್ಕಿತು. ದೊಡ್ಡ ರಟ್ಟು ತಂದು, ಕಪ್ಪು ಶಾಯಿಯಲ್ಲಿ ಹನ್ನೊಂದು ಜನಕ್ಕೆ ಹನ್ನೊಂದು ಸೊನ್ನೆ ಬರೆದು, ಎಂಬತ್ತನಾಲ್ಕನ್ನು ಒಳಗೆ ಕೂರಿಸಿ, ಅವನು ಎದ್ದು ಓಡುವ ದಾರಿಗೆ ಬಾಣದ ಗೆರೆ ಎಳೆದೆ. ಬೆಟ್ಟದಾಚೆಯವರ ಪಂದ್ಯದ ವಾರ ನಾನು ಕೊಡಬೇಕಾಗಿದ್ದ ಕಾರ್ಡು. ಗೆರೆ ತಪ್ಪಿ ಒಂದು ರಟ್ಟು ಹಾಳಾಯಿತು. ಮನೆಯವರು ನೋಡಿ ಇನ್ನೊಂದು ರಟ್ಟು ತಂದುಕೊಟ್ಟರು.

ಸಿಯೋನೆಗೆ ಫೋನು ಮಾಡಿ ಬರಹೇಳಿದೆ. ಎವರೆಟ್ಟಿನಲ್ಲಿ ಕಡಲ ಪಕ್ಕದ ಕಾರು ನಿಲ್ದಾಣಕ್ಕೆ ಅವನು ಮಧ್ಯಾಹ್ನದ ಪಾಳಿ ಬಿಟ್ಟು ಬಂದ. ಗಡ್ಡದಲ್ಲಿ ಬಿಳಿ, ಎಡಗಾಲು ಸ್ವಲ್ಪ ಎಳೆಯುತ್ತಿತ್ತು. "ಆಂಟಿ" ಎಂದು ತಬ್ಬಿಕೊಂಡ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಕಾರ್ಡನ್ನು ಕೈಗೆ ಕೊಟ್ಟೆ.

ಅವನು ನೋಡಿದ. "ಎಂಬತ್ತನಾಲ್ಕು" ಎಂದ.

"ಎರಡು ವಾರ ಮುಂಚೆ ಅವರು ಇದನ್ನ ಆಡಿದ್ರು, ಸಿಯೋನೆ. ಬಟ್ಟೆ ಬಿತ್ತು ಅಂತ ನಾನು ಕತ್ತರಿಸಿ ಹಾಕ್ದೆ. ನೀನು ಮುಂದೆ ಓಡಿದ್ದು ನನ್ನ ಹಾಳೆ ನಂಬಿ. ತಪ್ಪು ನಂದು."

"ಗೊತ್ತು ಆಂಟಿ."

ನಾನು ಅವನ ಮುಖ ನೋಡಿದೆ.

"ಅವರು ಇದನ್ನ ಆಡಿದ ಶನಿವಾರ ನಮಗೆ ಪಂದ್ಯ ಇರ್ಲಿಲ್ಲ. ಅಮ್ಮನ ಜೊತೆ ಕೂತು ಟೀವೀಲಿ ಅವರ ಪಂದ್ಯ ನೋಡಿದ್ದೆ. ಈ ಆಟಾನೂ ನೋಡಿದ್ದೆ. ಅವನು ಒಳಗೆ ಬಂದು ಕೂತಾಗ ನೆನಪೂ ಆಯ್ತು. ಆದ್ರೆ ನಿಮ್ಮ ಹಾಳೇಲಿ ಯಾವಾಗಲೂ ಅಂತ ಇತ್ತಲ್ಲ. ಇದು ಮುಖ್ಯ ಆಗಿದ್ರೆ ಆಂಟಿ ಬರೀತಿದ್ರು ಅಂದ್ಕೊಂಡೆ."

"ಕೋಚ್ ಬೈದಾಗ ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರಿ ಅಂತ ಕಾಯ್ತಿದ್ದೆ. ಡಬ್ಬಿ ಕೊಡೋಕೆ ಬಂದಾಗ್ಲೂ ಅದಕ್ಕೇ ನಿಂತಿದ್ದೆ."

ಪರವಾಗಿಲ್ಲ ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ. ಕಾರ್ಡನ್ನೇ ನೋಡುತ್ತಾ, "ಇನ್ನೂ ಆರು ಪಂದ್ಯ ಇತ್ತು ಆಂಟಿ. ಬೇಕಿತ್ತು ನಂಗೆ ಆ ಆರು" ಎಂದ. ನನಗೂ ಅವು ಬೇಕಿದ್ದವು. ಆ ಆರು ಶನಿವಾರ, ಅವುಗಳ ಹಿಂದಿನ ಆರು ಗುರುವಾರ, ಎಲ್ಲವೂ. ಅಳು ತಡೆಯಲಾಗಲಿಲ್ಲ.

ಅವನು ಕಾರ್ಡನ್ನು ನನ್ನ ಕಾರಿನ ಬಾನೆಟ್ಟಿನ ಮೇಲೆ ಒರಗಿಸಿಟ್ಟ. ಖಾಲಿ ನಿಲ್ದಾಣದ ಬಿಳಿ ಗೆರೆಗಳನ್ನು ದಾಟುತ್ತಾ ಹನ್ನೆರಡು ಹೆಜ್ಜೆ ದೂರ ಹೋಗಿ, ನನ್ನ ಕಡೆ ತಿರುಗಿ, ಮೊಣಕಾಲು ಬಗ್ಗಿಸಿ ನಿಂತ.

"ಚೆಂಡು ಬಿಟ್ಟಾಗ ಹೇಳಿ ಆಂಟಿ."

ನಾನು ಮೂಗು ಒರೆಸಿಕೊಂಡೆ. "ಹೂಂ" ಎಂದೆ.

ಅವನು ಮುಂದೆ ಬರಲಿಲ್ಲ. ಎಡಗಾಲು ಎಳೆಯುತ್ತಾ ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋಗಿ, ಕೊನೆಯ ಗೆರೆಯ ಹತ್ತಿರ ತಿರುಗಿ, ಚೆಂಡು ಹಿಡಿಯುವವನಂತೆ ಎರಡೂ ಕೈ ಮೇಲೆತ್ತಿದ.

"ಇಲ್ಲಿ" ಎಂದು ಕೂಗಿದ. "ಇಲ್ಲಿರ್ತಿದ್ದೆ ಆಂಟಿ."